ನಾಲ್ವರೂ ಒಂದೇ ಕಡೆ ತಪ್ಪುವುದಿಲ್ಲ

ರೋಮ್‌ನ ಕ್ಯಾಪಿಟೋಲಿನ್ ಗುಡ್ಡದ ನೆತ್ತಿಯಲ್ಲಿ ಸಾಂತಾ ಮಾರಿಯಾ ಇನ್ ಅರಾಚೇಲಿ ಎಂಬ ಹಳೆಯ ಚರ್ಚಿದೆ. ಬೀದಿಯಿಂದ ಅದರ ಬಾಗಿಲಿಗೆ 124 ಮೆಟ್ಟಿಲು. ಯುರೋಪಿನಲ್ಲಿ ಪ್ಲೇಗು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ, 1348ರಲ್ಲಿ, ಕಟ್ಟಿದವು. ಆರ್ಕಿಟೆಕ್ಚರ್ ಓದುತ್ತಿದ್ದ ನಾವು ಮೂವತ್ತೆಂಟು ವಿದ್ಯಾರ್ಥಿಗಳು, ಜೊತೆಗೆ ಇಬ್ಬರು ಮೇಷ್ಟ್ರು, ಏದುಸಿರು ಬಿಡುತ್ತ ಆ ಮೆಟ್ಟಿಲು ಹತ್ತಿದೆವು. ಹನ್ನೊಂದು ದಿನದಲ್ಲಿ ಐದು ಊರು ನೋಡುವ ಅಧ್ಯಯನ ಪ್ರವಾಸ ಅದು. ಪಕ್ಕದಲ್ಲಿ ಮೈಕೆಲೆಂಜೆಲೊ ರೂಪಿಸಿದ ಚೌಕ, ಅದಕ್ಕೆ ಒಂದು ಗಂಟೆ. ಚರ್ಚಿಗೆ ಇಪ್ಪತ್ತು ನಿಮಿಷ. ಒಳಗೆ ಕಾಲಿಟ್ಟ ಕೂಡಲೇ ಗೈಡ್ ಕೈಯೆತ್ತಿ ಚಾವಣಿ ತೋರಿಸಿದರು. 1571ರ ಲೆಪಾಂಟೊ ನೌಕಾಯುದ್ಧದ ಗೆಲುವಿನ ನೆನಪಿಗೆ ಮಾಡಿಸಿದ, ಚಿನ್ನದ ಮೆರುಗಿನ ಮರದ ಚಾವಣಿ. ಮೂವತ್ತೆಂಟು ಕತ್ತುಗಳು ಒಟ್ಟಿಗೆ ಮೇಲಕ್ಕೆ ಹೋದವು. ಮೂವತ್ತೆಂಟು ಫೋನುಗಳೂ ಹೋದವು. ಸಮಯವಾಯಿತು, ಇಳಿದೆವು.

ಊರಿಗೆ ಬಂದ ಮೇಲೆ, ಮಳೆಗಾಲದಲ್ಲಿ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಮೇಲೆ ಥೀಸಿಸ್ ಬರೆಯಲೆಂದು ಹಳೆಯ ಪುಸ್ತಕಗಳನ್ನು ಹುಡುಕುತ್ತಿದ್ದೆ. ಸಾಗರ ತಾಲ್ಲೂಕಿನ ನಮ್ಮ ಮನೆಯಿಂದ ಇಕ್ಕೇರಿಗೆ ನಾಲ್ಕೇ ಕಿಲೋಮೀಟರು. ಹುಡುಕುವಾಗ ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮ್‌ನ ಶ್ರೀಮಂತನ ಪತ್ರಗಳು ಸಿಕ್ಕವು. 1623ರ ಅಕ್ಟೋಬರ್‌ನಲ್ಲಿ ಗೋವಾ ಬಿಟ್ಟು ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆ ಸೇರಿ, ಘಟ್ಟ ಹತ್ತಿ, ಸಾಗರದ ಮೇಲೆ ಹಾದು ನವೆಂಬರ್‌ನಲ್ಲಿ ಇಕ್ಕೇರಿ ಮುಟ್ಟಿದವನು. ಕಡೆಗೆ ಅವನನ್ನು ಮಣ್ಣು ಮಾಡಿದ್ದೆಲ್ಲಿ ಎಂದು ನೋಡಿದೆ. ಸತ್ತದ್ದು 1652ರಲ್ಲಿ, ರೋಮ್‌ನಲ್ಲಿ. ಸಮಾಧಿ ಅರಾಚೇಲಿ ಚರ್ಚಿನೊಳಗೆ, ಮನೆತನದವರ ಜೊತೆ.

ಪುಸ್ತಕ ಮುಚ್ಚಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮೂರಿನ ದೇವರ ಹೆಸರನ್ನು ತನ್ನ ಭಾಷೆಯ ಕಾಗುಣಿತದಲ್ಲಿ ಬರೆದಿಟ್ಟ ಮನುಷ್ಯ ಅದೇ ಸೂರಿನ ಕೆಳಗೆ ಮಲಗಿದ್ದ. ನಾವು ಮೂವತ್ತೆಂಟು ಜನ ಚಾವಣಿ ನೋಡುತ್ತಿದ್ದೆವು.

ಈ ಪ್ರಸಂಗ ಹೇಳಿದಾಗಲೆಲ್ಲ ನನಗೆ ಎರಡು ಬಗೆಯ ಮಾತು ಸಿಗುತ್ತದೆ. ಒಂದು: ಇಂಥ ಗುಂಪು ಪ್ರವಾಸವೇ ದಂಡ, ಕುರಿಮಂದೆಯಂತೆ ಹೋಗಿ ಬರುವುದು, ನೋಡಬೇಕಿದ್ದರೆ ಒಬ್ಬರೇ ಹೋಗಬೇಕು. ಇನ್ನೊಂದು, ಹಿರಿಯರು ಹೇಳುವುದು: ಮೊದಲು ಇಕ್ಕೇರಿ, ಕೆಳದಿ, ಹುಂಚ, ಕವಲೇದುರ್ಗ ನೋಡಿ ಮುಗಿಸು, ಆಮೇಲೆ ರೋಮ್. ಎರಡೂ ಪ್ರೀತಿಯಿಂದ ಬರುವ ಮಾತುಗಳೇ. ಹೇಳುವವರ ಮೇಲೆ ನನಗೆ ಗೌರವವಿದೆ. ಆದರೆ ಎರಡನ್ನೂ ನಾನು ಒಪ್ಪಲಾರೆ. ಒಪ್ಪದಿರುವುದಕ್ಕೆ ಕಾರಣ ಆ ದೆಲ್ಲಾ ವಾಲೆಯ ಪತ್ರದಲ್ಲೇ ಇದೆ.

ಅವನೂ ಬಂದದ್ದು ಗುಂಪಿನಲ್ಲೇ. ಗೋವಾದ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಒಂದು ರಾಯಭಾರ ಕಳಿಸಿದ್ದರು. ಅವರಿಗೆ ಬೇಕಾದದ್ದು ಕಾಳುಮೆಣಸು, ಜೊತೆಗೆ ಕರಾವಳಿಯ ಸಣ್ಣ ಅರಸರ ತಂಟೆ ತಕರಾರಿನ ಇತ್ಯರ್ಥ. ದೆಲ್ಲಾ ವಾಲೆಗೆ ಆ ರಾಯಭಾರದಲ್ಲಿ ಹೊಣೆ ಯಾವುದೂ ಇರಲಿಲ್ಲ, ನೋಡುವ ಆಸೆಯಿಂದ ಜೊತೆಗೂಡಿದ್ದ. ಮೂವತ್ತೇಳರ ಪ್ರಾಯ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಮಾನಿ 1621ರ ಡಿಸೆಂಬರ್‌ನಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಕೆಡದಂತೆ ಮಾಡಿಸಿ ರೋಮ್‌ವರೆಗೂ ಒಯ್ದು ಇದೇ ಅರಾಚೇಲಿಯಲ್ಲಿ ಮಣ್ಣು ಮಾಡಿದ. ಇಕ್ಕೇರಿಯ ಬೀದಿಯಲ್ಲಿ ಗಂಡ ಸತ್ತು ಸಹಗಮನಕ್ಕೆ ಸಿದ್ಧಳಾಗಿದ್ದ ಹೆಂಗಸೊಬ್ಬಳನ್ನು ಕಂಡಾಗ ಅವನು ಮುಂದೆ ಹೋಗಲಿಲ್ಲ. ಅವಳ ಮನೆಯವರೆಗೂ ಹೋಗಿ, ದುಭಾಷಿಯ ಮೂಲಕ ಅವಳನ್ನು ಮಾತಾಡಿಸಿ, ಮನಸ್ಸು ಬದಲಿಸಲು ನೋಡಿದ. ಅವನ ಕಣ್ಣು ಅಲ್ಲಿ ನಿಂತದ್ದೇಕೆ ಎಂದು ಬೇರೆ ಹೇಳಬೇಕಿಲ್ಲ.

ಒಂದೇ ಗುಂಪು, ಒಂದೇ ದಾರಿ. ರಾಯಭಾರಿಗೆ ಮೆಣಸಿನ ಚಿಂತೆ. ಇವನಿಗೆ ಬೀದಿಯಲ್ಲಿ ಬಣ್ಣದ ಕೋಲು ಬಡಿಯುತ್ತ ಸುತ್ತು ಕುಣಿಯುವ ಹುಡುಗಿಯರು ಕಂಡರು. ಹಾಡಿನ ಕೊನೆಗೆ ಅವರು ಮತ್ತೆ ಮತ್ತೆ ಹೇಳುತ್ತಿದ್ದ ‘ಕೋಲೆ’ ಎಂಬ ಪದವನ್ನು ಕಿವಿಗೆ ಬಿದ್ದಂತೆ ಬರೆದುಕೊಂಡ. ಇಟಲಿಯವನ ಪತ್ರದಲ್ಲಿ ನಮ್ಮ ಕೋಲಾಟದ ಪಲ್ಲವಿ ಓದಿದಾಗ ನನಗೆ ಕಣ್ಣು ತುಂಬಿತು. ಇಕ್ಕೇರಿಯನ್ನು ಬಳಸಿದ್ದ ಬಿದಿರಿನ ಬೇಲಿಯ ಸುತ್ತುಗಳನ್ನೂ ಬರೆದಿದ್ದಾನೆ. ಅವು ಈಗಿಲ್ಲ. ಅವನು ಬಂದು ಹೋದ ಇಪ್ಪತ್ತು ವರ್ಷದೊಳಗೆ ಕೆಳದಿ ನಾಯಕರ ರಾಜಧಾನಿ ಇಲ್ಲಿಂದ ಬಿದನೂರಿಗೆ, ಅಂದರೆ ಹೊಸನಗರ ತಾಲ್ಲೂಕಿನ ಈಗಿನ ನಗರಕ್ಕೆ, ಹೋಯಿತು. ಇಕ್ಕೇರಿಯಲ್ಲಿ ಉಳಿದದ್ದು ಕಲ್ಲಿನ ಗುಡಿ. ಉಳಿದ ಊರನ್ನು ನೋಡಬೇಕಿದ್ದರೆ ಅವನ ಪತ್ರವನ್ನೇ ಓದಬೇಕು.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಘಟ್ಟದ ಮೇಲೆ ನಡೆದ ಒಂದು ಸಣ್ಣ ಸಂಗತಿ. ಘಟ್ಟ ಹತ್ತಿದ ಮೇಲೆ ಸಾಮಾನಿನ ಹೊರೆಗಳನ್ನು ಅಣಿ ಮಾಡುವುದು ತಡವಾಯಿತು. ಎಲ್ಲರೂ ಕಾಯಬೇಕಾಯಿತು. ದೆಲ್ಲಾ ವಾಲೆ ಅಲ್ಲಿದ್ದ ಗುಡಿಯ ಮುಖಮಂಟಪದಲ್ಲಿ ಕೂತ. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಮೇಷ್ಟ್ರು ಇರಲಿಲ್ಲ. ನೆಲಕ್ಕೆ ನುಣ್ಣನೆ ಮರಳು ಹರಡಿತ್ತು. ಒಬ್ಬ ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಅಂಕಿ ಬರೆಯುವನು, ಉಳಿದ ಮೂವರು ಅದನ್ನೇ ಹಾಡಿ ಬರೆಯುವರು. ಜಾಗ ತುಂಬಿದರೆ ಮತ್ತೆ ಮರಳು ಹರಡಿ ಮುಂದುವರಿಯುವರು. ದೆಲ್ಲಾ ವಾಲೆಗೆ ಒಂದು ಅನುಮಾನ ಬಂತು, ಕೇಳಿಯೇ ಬಿಟ್ಟ: ಮೇಷ್ಟ್ರಿಲ್ಲದಾಗ ತಪ್ಪಿದರೆ ತಿದ್ದುವವರು ಯಾರು? ಹುಡುಗರು ಕೊಟ್ಟ ಉತ್ತರದ ಸಾರ ಇಷ್ಟು. ನಾಲ್ವರೂ ಒಂದೇ ಕಡೆ ತಪ್ಪುವುದು ಆಗದ ಮಾತು, ಒಬ್ಬ ಎಡವಿದರೆ ಇನ್ನೊಬ್ಬ ಹಿಡಿಯುತ್ತಾನೆ, ಅದಕ್ಕೇ ಕೂಡಿ ಕಲಿಯುತ್ತೇವೆ. ಅವರ ಮಾತು ನಿಜ ಎಂದು ಒಪ್ಪಿ, ಅದನ್ನು ನೇಪಲ್ಸಿನ ಗೆಳೆಯ ಮಾರಿಯೊ ಸ್ಕಿಪಾನೊಗೆ ಬರೆದು ಕಳಿಸಿದ. ಭಾರತದ ಪತ್ರಗಳು ಅಚ್ಚಾದದ್ದು ಅವನು ಸತ್ತ ಮೇಲೆ, 1663ರಲ್ಲಿ. ಮರು ವರ್ಷವೇ ಇಂಗ್ಲಿಷಿಗೂ ಬಂದವು.

ಗುಂಪಾಗಿ ಕಲಿಯುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಒಬ್ಬರೇ ಹೋದರೆ ತಪ್ಪು ಹಿಡಿಯುವವರಿಲ್ಲ. ದೆಲ್ಲಾ ವಾಲೆಯ ಪತ್ರಗಳಲ್ಲೇ ಅದಕ್ಕೆ ಬೇಕಾದಷ್ಟು ಸಾಕ್ಷಿ ಇದೆ. ಹುಡುಗರ ಲೆಕ್ಕವನ್ನು ಅಷ್ಟು ಚೆನ್ನಾಗಿ ಕಂಡವನು ಅದೇ ಗುಡಿಯ ದೇವರ ವಿಷಯಕ್ಕೆ ಬಂದಾಗ ತನ್ನ ಮತದ ತಿರಸ್ಕಾರವನ್ನೇ ಬರೆಯುತ್ತಾನೆ. ಪಕ್ಕದಲ್ಲಿ ಕೂತು ಹಾಗಲ್ಲ ಎನ್ನುವ ಇನ್ನೊಬ್ಬ ಹುಡುಗ ಅವನಿಗೆ ಇರಲಿಲ್ಲ. ಆದ್ದರಿಂದ ಒಂಟಿ ಪ್ರವಾಸವೇ ಮೇಲೆಂದು ನಾನು ಹೇಳಲಾರೆ.

ಹಾಗಾದರೆ ನಮ್ಮ ಮೂವತ್ತೆಂಟು ಜನ ಅರಾಚೇಲಿಯಲ್ಲಿ ತಪ್ಪಿದ್ದು ಹೇಗೆ? ಆ ಹುಡುಗರ ಮಾತು ನಿಲ್ಲುವುದು ನಾಲ್ವರೂ ತಂತಮ್ಮ ತಲೆಯಲ್ಲಿ ಲೆಕ್ಕ ಹಾಕುತ್ತಿದ್ದರೆ ಮಾತ್ರ. ನಾಲ್ವರೂ ಒಬ್ಬನ ಬೆರಳನ್ನೇ ನೋಡಿ ಬರೆದರೆ ಅಲ್ಲಿರುವುದು ಒಂದೇ ತಲೆ. ಆಗ ನಾಲ್ವರೂ ಒಂದೇ ಕಡೆ ತಪ್ಪುತ್ತಾರೆ, ನಲವತ್ತು ಜನವೂ ತಪ್ಪುತ್ತಾರೆ. ಈಗ ನಡೆಯುವ ಅಧ್ಯಯನ ಪ್ರವಾಸಗಳಲ್ಲಿ ನನಗೆ ಕಾಣುವ ಕೊರತೆ ಇದು. ಜನ ಹೆಚ್ಚಾದದ್ದು ಕೊರತೆಯಲ್ಲ. ಎಲ್ಲರನ್ನೂ ಒಂದೇ ಹೊತ್ತಿಗೆ ಒಂದೇ ಕಡೆ ನೋಡುವಂತೆ ಮಾಡಿ, ಆಮೇಲೆ ಯಾರು ಏನು ಕಂಡರೆಂದು ಕೇಳದೆ ಬಸ್ಸು ಹತ್ತಿಸುತ್ತೇವೆ.

ಪ್ಯಾಂಥಿಯನ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ಎರಡು ಸಾವಿರ ವರ್ಷಕ್ಕೆ ಹತ್ತಿರವಾದ ಕಟ್ಟಡ, ಅಡ್ಡಗಲ ಸುಮಾರು 43 ಮೀಟರಿನ ಗುಮ್ಮಟ, ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ದುಂಡು ಕಿಂಡಿ. ಎಲ್ಲರೂ ಕಿಂಡಿ ನೋಡಿದರು. ನಾನೂ ನೋಡಿದೆ, ಆದರೆ ಮರುಕ್ಷಣ ನನ್ನ ಕಣ್ಣು ನೆಲಕ್ಕೆ ಇಳಿಯಿತು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದು ರೂಢಿ. ಸೂರು ತೆರೆದಿದೆ ಎಂದರೆ ಮಳೆ ಒಳಗೆ ಬೀಳುತ್ತದೆ, ಬಿದ್ದ ನೀರು ಎತ್ತ ಹೋಗುತ್ತದೆ ಎಂದು ಮೊದಲು ನೋಡಬೇಕು. ತೀರ್ಥಹಳ್ಳಿ ಕಡೆಯ ತೊಟ್ಟಿಮನೆಗಳಲ್ಲಿ ನಾಲ್ಕೂ ಮಾಡಿನ ನೀರು ನಡುವಿನ ತೊಟ್ಟಿಗೆ ಇಳಿಯುತ್ತದೆ. ಆ ತೊಟ್ಟಿಯ ಮೂಲೆಯ ತೂತು ಕಸ ಕಟ್ಟಿಕೊಂಡರೆ ಆಷಾಢದಲ್ಲಿ ಜಗಲಿಯೇ ಒದ್ದೆ. ಪ್ಯಾಂಥಿಯನ್ನಿನ ನೆಲ ನಡುವೆ ಸ್ವಲ್ಪವೇ ಉಬ್ಬಿದೆ. ಅಮೃತಶಿಲೆಯಲ್ಲಿ ನೀರಿಳಿಯಲು ಸಣ್ಣ ಸಣ್ಣ ತೂತುಗಳಿವೆ. ಕಂಡ ಕೂಡಲೇ ನಮ್ಮ ಮನೆಯ ಅಂಗಳ ಕಂಡಷ್ಟು ಖುಷಿಯಾಯಿತು. ಯಾರಿಗೂ ಹೇಳಲಿಲ್ಲ. ಜಗತ್ತೇ ಗುಮ್ಮಟ ನೋಡಲು ಬರುವ ಕಡೆ ಚರಂಡಿ ತೂತಿನ ಮಾತೆತ್ತುವುದು ಹಳ್ಳಿಯವಳ ಮಾತಾದೀತು ಅನಿಸಿತು. ವಿಜಯಪುರ ಕಡೆಯ ಗೆಳತಿ ಪಕ್ಕದಲ್ಲೇ ಇದ್ದಳು. ಅವಳು ಗೋಳಗುಮ್ಮಟದ ನೆರಳಲ್ಲಿ ಬೆಳೆದವಳು. ಅಷ್ಟು ದೊಡ್ಡ ಗುಮ್ಮಟವನ್ನು ಕಿಂಡಿಯಿಲ್ಲದೆ ನಿಲ್ಲಿಸಿದ್ದು ಹೇಗೆ, ಇಲ್ಲಿ ಕಿಂಡಿ ಬಿಟ್ಟದ್ದು ಏಕೆ ಎಂಬ ಪ್ರಶ್ನೆ ಅವಳ ತಲೆಯಲ್ಲಿತ್ತಂತೆ. ಅವಳೂ ಕೇಳಲಿಲ್ಲ. ಇದು ನನಗೆ ತಿಳಿದದ್ದು ವಾಪಸು ಬಂದ ಮೇಲೆ, ಕ್ಯಾಂಟೀನಿನಲ್ಲಿ. ಎರಡು ಸೀಮೆಯ ಎರಡು ಜೊತೆ ಕಣ್ಣುಗಳು ಒಂದು ಮೊಳದ ದೂರದಲ್ಲಿ ನಿಂತಿದ್ದವು. ಒಂದನ್ನೊಂದು ಕೇಳಲಿಲ್ಲ.

ಒಂದು ಸಲ ಮಾತ್ರ ಕೇಳಿದ್ದುಂಟು, ಅದೂ ಬಸ್ಸು ಕೆಟ್ಟು ನಿಂತದ್ದರಿಂದ. ಒಂದೂವರೆ ಗಂಟೆ ರಸ್ತೆ ಬದಿಯಲ್ಲಿ ಕೂತಿದ್ದೆವು. ಹಿಂದಿನ ದಿನ ನೋಡಿದ ತ್ರೆವಿ ಕಾರಂಜಿಯ ಮಾತು ಬಂತು. ಅದಕ್ಕೆ ನೀರು ಬರುವುದು ಕ್ರಿಸ್ತಪೂರ್ವ 19ರಲ್ಲಿ ಕಟ್ಟಿದ ಕಾಲುವೆಯ ಹಾದಿಯಲ್ಲಿ. ಇಳಿಜಾರೊಂದನ್ನೇ ನಂಬಿ ನೀರು ತಂದ ಜಾಣ್ಮೆ ಅದು. ಅಷ್ಟರಲ್ಲಿ ಹೊಸನಗರದ ಕಡೆಯ ಹುಡುಗ, ಹತ್ತು ದಿನದಲ್ಲಿ ಹತ್ತು ಮಾತಾಡದವನು, ನಗರದ ದೇವಗಂಗೆ ಕೊಳಗಳ ಬಗ್ಗೆ ಹೇಳತೊಡಗಿದ. ಗುಡ್ಡದ ನೀರು ಪಂಪಿನ ಹಂಗಿಲ್ಲದೆ ಕೊಳದಿಂದ ಕೊಳಕ್ಕೆ ಹರಿಯುವುದನ್ನು ಅಲ್ಲೇ ಕಡ್ಡಿಯಿಂದ ಮಣ್ಣಿನ ಮೇಲೆ ಗೀಚಿ ತೋರಿಸಿದ. ಮೇಷ್ಟ್ರು ಬಗ್ಗಿ ನೋಡಿ, ಇಳಿಜಾರು ಎಷ್ಟಿರಬಹುದು ಎಂದು ಕೇಳಿದರು. ಒಬ್ಬಳು ತಪ್ಪು ಲೆಕ್ಕ ಹೇಳಿದಳು, ಇನ್ನೊಬ್ಬ ತಿದ್ದಿದ. ಇಡೀ ಪ್ರವಾಸದಲ್ಲಿ ಪಾಠ ಎನ್ನಬಹುದಾದದ್ದು ನಡೆದದ್ದು ಆ ಒಂದೂವರೆ ಗಂಟೆ. ಹೊರೆ ಅಣಿಯಾಗುವುದನ್ನು ಕಾಯುತ್ತ ಕೂತವನಿಗೆ ಘಟ್ಟದ ಹುಡುಗರು ಸಿಕ್ಕಹಾಗೆ. ಕಾರ್ಯಕ್ರಮ ಪಟ್ಟಿಯಲ್ಲಿ ಅದನ್ನು ನಷ್ಟವಾದ ಸಮಯ ಎಂದು ಬರೆದುಕೊಂಡರು.

ಒಂಟಿಯಾಗಿಯೇ ಕಲಿಯಬೇಕು ಎನ್ನುವವರು ಯು.ಆರ್. ಅನಂತಮೂರ್ತಿಯವರ ಉದಾಹರಣೆ ಕೊಡುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು, 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಓದಲು ಹೋದರು, ಮನೆಯಿಂದ ದೂರವಾದ ಒಂಟಿತನದಲ್ಲಿ ‘ಸಂಸ್ಕಾರ’ ಬರೆದರು, 1965ರಲ್ಲಿ ಅದು ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. ನಿಜ. ಆದರೆ ಆ ಕಾದಂಬರಿ ಹುಟ್ಟಿದ ಕತೆಯನ್ನು ಅವರೇ ಹಲವು ಸಲ ಹೇಳಿದ್ದಾರೆ. ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿದರು. ಜೊತೆಗಿದ್ದವರು ಅವರ ಮಾರ್ಗದರ್ಶಕ ಮಾಲ್ಕಮ್ ಬ್ರಾಡ್‌ಬರಿ. ಯುರೋಪಿನವರು ಪುಸ್ತಕ ಓದಿ ಕಟ್ಟಿಕೊಳ್ಳಬೇಕಾದ ಮಧ್ಯಯುಗ ನಮ್ಮಂಥವರಿಗೆ ಮನೆಯಲ್ಲೇ ಇದೆ ಎಂಬರ್ಥದ ಮಾತನ್ನು ಅನಂತಮೂರ್ತಿ ಆಡಿದರು. ಹಾಗಾದರೆ ಅದನ್ನೇ ಬರೆಯಿರಿ ಎಂದು ಬ್ರಾಡ್‌ಬರಿ ಒತ್ತಾಯಿಸಿದರು. ಇದರಲ್ಲಿ ನನಗೆ ಕಾಣುವುದು ಒಂಟಿತನ ಒಂದೇ ಅಲ್ಲ. ಒಂದೇ ತೆರೆಯ ಮುಂದೆ ಅಕ್ಕಪಕ್ಕ ಕೂತ ಇಬ್ಬರು, ಇಬ್ಬರ ಹಿಂದೆ ಬೇರೆ ಬೇರೆ ಊರು, ಆಮೇಲೆ ಒಂದು ಮಾತುಕತೆ. ಮೇಳಿಗೆಯ ಅಗ್ರಹಾರ ಅವರ ಒಳಗೆ ಮೊದಲೇ ಇತ್ತು. ಅದನ್ನು ಹೊರಗೆ ತೆಗೆದದ್ದು ಸಿನಿಮಾ ಮುಗಿದ ಮೇಲಿನ ಆ ಮಾತು.

ಇದನ್ನು ಒಂದು ಪದ್ಧತಿಯನ್ನಾಗಿಯೇ ಮಾಡಿದ ಊರು ನಮ್ಮ ತಾಲ್ಲೂಕಿನಲ್ಲಿದೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಶುರುವಾದದ್ದು 1949ರಲ್ಲಿ. ಅಡಿಕೆ ತೋಟದ ನಡುವಿನ ಆ ಹಳ್ಳಿಗೆ ಕೆ.ವಿ. ಸುಬ್ಬಣ್ಣನವರು ಷೇಕ್ಸ್‌ಪಿಯರ್, ಬ್ರೆಕ್ಟ್, ಕುರೊಸಾವಾ ಎಲ್ಲರನ್ನೂ ಕರೆತಂದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಜಗತ್ತು ಹಳ್ಳಿಗೆ ಬಂದದ್ದನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡಬೇಕಾದದ್ದೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲಿನ ಶಿಬಿರದ ಒಂದು ಸಾದಾ ಕ್ರಮ. ರಾತ್ರಿ ನಾಟಕ ನೋಡುತ್ತಾರೆ, ಬೆಳಿಗ್ಗೆ ಕೂತು ಅದರ ಬಗ್ಗೆ ಮಾತಾಡುತ್ತಾರೆ. ಪಿಯುಸಿಯಲ್ಲಿದ್ದಾಗ ಅಪ್ಪಯ್ಯನ ಜೊತೆ ಹೋಗಿದ್ದೆ. ಹಿಂದಿನ ರಾತ್ರಿಯ ನಾಟಕದ ಒಂದು ಪಾತ್ರವನ್ನು ಪ್ರಾಧ್ಯಾಪಕರೊಬ್ಬರು ಬಹಳ ಚೆನ್ನಾಗಿ ಬಿಡಿಸಿ ಹೇಳಿದರು. ಹಿಂದಿನ ಸಾಲಿನಿಂದ ಒಬ್ಬರು ಕೃಷಿಕರು ಎದ್ದು, ಆ ಪಾತ್ರ ಸಾಲ ಮಾಡಿದ್ದನ್ನು ನೀವು ಬಿಟ್ಟಿರಿ, ಸಾಲಗಾರ ನಡೆಯುವ ರೀತಿಯೇ ಬೇರೆ, ನಟ ಅದನ್ನು ಸರಿಯಾಗಿ ಮಾಡಿದ್ದಾನೆ ಅಂದರು. ಪ್ರಾಧ್ಯಾಪಕರು ಒಂದು ಕ್ಷಣ ಸುಮ್ಮನಿದ್ದು, ಹೌದು ನಾನು ನೋಡಲಿಲ್ಲ ಅಂದರು. ಅವತ್ತು ನಾನು ಎರಡು ಸಲ ನಾಟಕ ನೋಡಿದ ಹಾಗಾಯಿತು.

ಇನ್ನು ಹಿರಿಯರ ಮಾತು: ಮೊದಲು ಇಕ್ಕೇರಿ, ಆಮೇಲೆ ರೋಮ್. ಇಕ್ಕೇರಿಗೆ ನಾನು ಎಷ್ಟು ಸಲ ಹೋಗಿಲ್ಲ? ಶಾಲೆಯ ಪ್ರವಾಸಕ್ಕೆ, ನೆಂಟರು ಬಂದಾಗ, ಸೈಕಲ್ಲಿನಲ್ಲಿ. ಗರ್ಭಗುಡಿಯ ಮುಂದೆ ನೆಲದ ಕಲ್ಲಿನಲ್ಲೇ ಮೂವರು ಕೆಳದಿ ನಾಯಕರನ್ನು ಕೈಮುಗಿದಂತೆ ಕೆತ್ತಿದ್ದಾರೆ. ಒಬ್ಬನಿಗೆ ಕೈಕೋಳ, ಕಾಲುಕೋಳ. ಅರಸರು ತಮ್ಮನ್ನು ಭಕ್ತರ ಕಾಲಡಿಯಲ್ಲಿ ಕೆತ್ತಿಸಿಕೊಂಡದ್ದರ ಬಗ್ಗೆ ಒಮ್ಮೆಯಾದರೂ ಯೋಚಿಸಿದ್ದೆನೇ? ಇಲ್ಲ. ಅರಾಚೇಲಿಯ ನೆಲದ ತುಂಬ ಸಮಾಧಿ ಚಪ್ಪಡಿಗಳು. ಶತಮಾನಗಳ ಕಾಲ ಜನ ನಡೆದು ನಡೆದು ಮುಖಗಳು ಸವೆದು ಹೋಗಿವೆ. ಹೊರಡುವ ಅವಸರದಲ್ಲಿ ಅಂಥ ಒಂದು ಮುಖ ತುಳಿಯದಂತೆ ಹಾರಿ ದಾಟಿದ್ದೆ. ಥೀಸಿಸ್‌ಗೆ ಇಕ್ಕೇರಿಯ ಅಳತೆ ತೆಗೆಯಲು ಹೋದ ದಿನ ಆ ನಾಯಕರ ಹತ್ತಿರ ಬಂದಾಗ ಕಾಲು ತಾನಾಗಿ ಹಾರಲು ಎದ್ದಿತು. ಇಪ್ಪತ್ತೊಂದು ವರ್ಷ ತುಳಿದೋ ಬಳಸಿಯೋ ಹೋಗಿದ್ದ ಕಲ್ಲನ್ನು ಅವತ್ತು ಮೊದಲ ಸಲ ನೋಡಿದೆ. ಹಿತ್ತಲಿನದನ್ನು ನೋಡಿ ಮುಗಿಸಿ ಹೊರಡು ಎಂದರೆ, ಹಿತ್ತಲನ್ನು ತೋರಿಸುವ ದಾರಿಯೇ ಕಟ್ಟಿಹೋದೀತು. ಹೋಗಿ ಬರಬೇಕು. ಹೋಗುವಾಗ ಹಿತ್ತಲನ್ನು ಜೊತೆಗೆ ಒಯ್ಯಬೇಕು, ಒಯ್ದದ್ದನ್ನು ಬಾಯಿಬಿಟ್ಟು ಹೇಳಬೇಕು.

ಪ್ರವಾಸ ಏರ್ಪಡಿಸುವ ಕಾಲೇಜುಗಳಲ್ಲಿ ನನ್ನ ವಿನಂತಿ ಸಣ್ಣದು. ಐದು ಊರಿನ ಬದಲು ಎರಡು ಊರು ಸಾಕು. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ನಾಲ್ವರಲ್ಲಿ ಒಂದೇ ಜಿಲ್ಲೆಯವರು ಇಬ್ಬರು ಬೇಡ. ಒಂದು ಕಟ್ಟಡಕ್ಕೆ ಅರ್ಧ ದಿನ ಕೊಡಿ, ಗೈಡ್ ಕೊನೆಯ ಅರ್ಧ ಗಂಟೆಗೆ ಬರಲಿ. ರಾತ್ರಿ ಊಟವಾದ ಮೇಲೆ ಹೆಗ್ಗೋಡಿನ ಬೆಳಗಿನಂತೆ ಕೂಡಿಸಿ ಕೇಳಿ. ಇದಕ್ಕೆ ಹೆಚ್ಚು ಖರ್ಚಿಲ್ಲ, ಬಸ್ಸಿನ ಬಾಡಿಗೆ ಉಳಿಯುತ್ತದೆ. ಖರ್ಚಿನ ಮಾತು ಸುಮ್ಮನೆ ತೆಗೆದದ್ದಲ್ಲ. ಈ ಪ್ರವಾಸಕ್ಕಾಗಿ ಅಪ್ಪಯ್ಯ ಒಳ್ಳೆಯ ಧಾರಣೆಗೆ ಕಾದಿಟ್ಟಿದ್ದ ಅಡಿಕೆಯನ್ನು ಎರಡು ತಿಂಗಳು ಮೊದಲೇ ಮಂಡಿಗೆ ಹಾಕಿದರು. ತೋಟಕ್ಕೆ ಎಲೆಚುಕ್ಕೆ ರೋಗ ಬಿದ್ದ ವರ್ಷ ಅದು. ಆ ದುಡ್ಡಿನಲ್ಲಿ ಹೋದವಳು ಚಾವಣಿಯ ಮೂವತ್ತೆಂಟನೇ ಫೋಟೋ ತಂದರೆ ಸಾಲದು.

ವಾಪಸು ಬಂದ ದಿನ ಅಮ್ಮಮ್ಮ ಜಗಲಿಯಲ್ಲಿ ಕವಳ ಹಾಕುತ್ತ ಕೂತಿದ್ದಳು. “ಎಂತ ನೋಡ್ಕ್ಯಂಡು ಬಂದೆ ಕೂಸೇ?” ಅಂದಳು. ಫೋನಿನಲ್ಲಿ ಗುಮ್ಮಟ ತೋರಿಸಿದೆ, ಚಾವಣಿ ತೋರಿಸಿದೆ. ಚೆಂದ ಇದ್ದು ಅಂತ ತಲೆಯಾಡಿಸಿದಳು. ಆಮೇಲೆ, ಯಾರಿಗೂ ಹೇಳದೇ ಇಟ್ಟುಕೊಂಡಿದ್ದ ನೆಲದ ತೂತುಗಳ ವಿಷಯ ಅವಳಿಗೆ ಹೇಳಿದೆ. ಕವಳ ಅಗಿಯುವುದು ನಿಂತಿತು.

“ಆ ನೀರು ಎತ್ಲಾಗೆ ಹೋಗ್ತಡ?”

ನನಗೆ ಗೊತ್ತಿರಲಿಲ್ಲ. ತೂತು ನೋಡಿದ್ದೆ, ಕೇಳಿರಲಿಲ್ಲ. ರಾತ್ರಿ ನಮ್ಮ ಪ್ರವಾಸದ ವಾಟ್ಸ್ಯಾಪ್ ಗುಂಪಿಗೆ ಬರೆದೆ: ಪ್ಯಾಂಥಿಯನ್ನಿನ ನೆಲದ ತೂತುಗಳನ್ನು ಯಾರಾದರೂ ಗಮನಿಸಿದ್ದೀರಾ? ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಹನ್ನೊಂದರ ಹೊತ್ತಿಗೆ ವಿಜಯಪುರದ ಗೆಳತಿ ಒಂದು ಫೋಟೋ ಹಾಕಿದಳು. ಶೂ ಲೇಸು ಬಿಚ್ಚಿಹೋಗಿ ಕಟ್ಟಲು ಕೂತಾಗ ತೆಗೆದದ್ದಂತೆ. ಅವಳ ಕಾಲಿನ ಪಕ್ಕ, ಬಿಳಿ ಕಲ್ಲಿನಲ್ಲಿ, ಮೂರು ತೂತು. ಕೆಳಗೆ ಬರೆದಿದ್ದಳು: ಇದು ಏನಂತ ನಿನ್ನ ಕೇಳಬೇಕು ಅಂತಿದ್ದೆ, ಅಷ್ಟರಲ್ಲಿ ಬಸ್ಸಿಗೆ ಕರೆದುಬಿಟ್ಟರು.